ನಾನೂರ ಹನ್ನೆರಡು ಮಡಿಕೆಗಳು

ಆ ದೊಡ್ಡ ಆಸ್ಪತ್ರೆಯ ಲಾಂಡ್ರಿಯಲ್ಲಿ ಒಂದು ಉದ್ದನೆಯ ರಿಜಿಸ್ಟರು ಇತ್ತು. ಇಸ್ತ್ರಿ ರೋಲರು ನಿಂತಾಗಲೆಲ್ಲ ಅದರಲ್ಲಿ ಹೊತ್ತು, ಹೆಸರು, ಕಾರಣ ಬರೆಯಬೇಕು. ಮೂರು ತಿಂಗಳಲ್ಲಿ ಎರಡು ರೋಲರೂ ಸೇರಿ ನಾನೂರ ಹನ್ನೆರಡು ಸಲ ನಿಂತಿದ್ದವು. ಕಾರಣದ ಕಾಲಮ್ಮಿನಲ್ಲಿ ನಾನೂರ ಹನ್ನೆರಡು ಸಲವೂ ಒಂದೇ ಪದ: ಮಡಿಕೆ. ಬೇರೆ ಬೇರೆ ಕೈಬರಹ, ಬೇರೆ ಬೇರೆ ಪೆನ್ನು, ಪದ ಮಾತ್ರ ಅದೇ. ಮೇಲ್ವಿಚಾರಕಿ ಆ ಪುಟಗಳನ್ನು ಮೂರು ಸಲ ಎಣಿಸಿದಳು. ಎಣಿಕೆ ಸರಿಯಾಗಿತ್ತು. ಸರಿಯಾಗಿದ್ದದ್ದೇ ಅವಳ ಗ್ರಹಚಾರ.

ಆ ರೋಲರಿನ ವಿಷಯ ಸ್ವಲ್ಪ ಹೇಳಬೇಕು. ಹಬೆಯಿಂದ ಕಾದ, ಆಳುದ್ದದ ಉರುಳೆ ಅದು. ಇಬ್ಬರು ಹೆಂಗಸರು ಒದ್ದೆ ಚಾದರದ ಎರಡು ಮೂಲೆ ಹಿಡಿದು ಅದರ ಬಾಯಿಗೆ ಕೊಡುತ್ತಾರೆ. ಆ ಕಡೆಯಿಂದ ಚಾದರ ಒಣಗಿ, ಹಪ್ಪಳದಂತೆ ನೆಟ್ಟಗೆ ಬರುತ್ತದೆ. ಬಾಯಿಯ ಮುಂದೆ ಅಡ್ಡಲಾಗಿ ಒಂದು ಕಬ್ಬಿಣದ ಪಟ್ಟಿ. ಅದಕ್ಕೆ ಎಲ್ಲರೂ ಗಾರ್ಡು ಎನ್ನುತ್ತಿದ್ದರು. ಚಾದರಕ್ಕಿಂತ ದಪ್ಪಗಿನದೇನು ತಾಗಿದರೂ ಗಾರ್ಡು ಮೇಲೇಳುತ್ತದೆ, ರೋಲರು ಗಕ್ಕನೆ ನಿಲ್ಲುತ್ತದೆ. ಬಟ್ಟೆ ಮಡಿಚಿಕೊಂಡು ಬಂದರೂ ನಿಲ್ಲುತ್ತದೆ, ಬೆರಳು ಬಂದರೂ ನಿಲ್ಲುತ್ತದೆ. ಗಾರ್ಡಿಗೆ ಎರಡೂ ಒಂದೇ.

ಮೇಲ್ವಿಚಾರಕಿಯನ್ನು ಲಾಂಡ್ರಿಯ ಹೆಂಗಸರು ಎದುರಿಗೆ ಅಕ್ಕ ಎನ್ನುತ್ತಿದ್ದರು, ಬೆನ್ನ ಹಿಂದೆ ಹತ್ತುಬುದ್ಧಿಯಕ್ಕ. ಅರ್ಧ ಮೆಚ್ಚುಗೆ, ಅರ್ಧ ಚುಚ್ಚುಮಾತು. ಓದಿದ್ದು ಹತ್ತನೇ ಇಯತ್ತೆ, ಅದೂ ಗಣಿತದಲ್ಲಿ ಎರಡು ಸಲ ಡುಮ್ಕಿ ಹೊಡೆದು. ಹತ್ತೊಂಬತ್ತನೇ ವಯಸ್ಸಿಗೆ ಕೊಳೆಬಟ್ಟೆ ಕೋಣೆಗೆ ಸೇರಿದಳು. ವಾರ್ಡುಗಳಿಂದ ಬಂದ ಮೂಟೆ ಬಿಚ್ಚಿ, ರಕ್ತದ್ದು ಒಂದು ಕಡೆ, ಮಲಮೂತ್ರದ್ದು ಇನ್ನೊಂದು ಕಡೆ ಬೇರೆ ಮಾಡುವ ಕೆಲಸ. ಆರು ವರ್ಷ ಅಲ್ಲಿ ಮೂಗು ಮುಚ್ಚಿಕೊಂಡಿದ್ದವಳು ಕಣ್ಣು ಕಿವಿ ಮಾತ್ರ ಮುಚ್ಚಿಕೊಳ್ಳಲಿಲ್ಲ.

ಹತ್ತು ಬುದ್ಧಿ ಬಂದದ್ದು ಹೀಗೆ. ಅವಳು ಸೇರಿದ ಮೂರನೇ ವರ್ಷ ತೊಳೆದ ಬಟ್ಟೆಯೆಲ್ಲ ಕಮಟು ನಾತ ಹೊಡೆಯತೊಡಗಿತು. ಎಂಜಿನಿಯರ್ ಬಂದು ಮೋಟರು ಬದಲಿಸಿದ. ಸಾಬೂನಿನ ಕಂಪನಿಯವ ಬಂದು ಸಾಬೂನು ಬದಲಿಸಿದ. ವೈದ್ಯರೊಬ್ಬರು ಬಂದು ಹೆಂಗಸರ ಉಗುರು ನೋಡಿದರು. ಯಾರ ಕೈಯಲ್ಲಿ ಯಾವ ಉಪಕರಣವಿತ್ತೋ ಅವರಿಗೆ ಅದೇ ರೋಗ ಕಂಡಿತು. ಕೊನೆಗೆ ತೋಟದ ಮಾಲಿ ಮೆದುಗೊಳವೆ ಕೇಳಲು ಬಂದವನು ಬಾಗಿಲಲ್ಲೇ ನಿಂತು, "ಗಿಡ ಬಾಡಿದ್ರೆ ಎಲೆ ಒರೆಸ್ತಾ ಕೂರಲ್ಲಮ್ಮ ನಾವು, ಬೇರು ನೋಡ್ತೀವಿ. ನೀರೆಲ್ಲಿಂದ ಬರ್ತಿದೆ?" ಎಂದ. ಅವಳು ಏಣಿ ಹತ್ತಿ ತೊಟ್ಟಿ ನೋಡಿದಳು. ಮುಚ್ಚಳ ಹಾರಿಹೋಗಿತ್ತು, ಒಳಗೆ ಎರಡು ಸತ್ತ ಪಾರಿವಾಳ.

ಅಂದು ಸಂಜೆ ಅವಳು ಹರಿದ ಚಾದರದ ತುಂಡಿನಿಂದ ರಟ್ಟು ಹೊದಿಸಿ ಒಂದು ನೋಟುಬುಕ್ಕು ಮಾಡಿಕೊಂಡಳು. ಮೊದಲ ಪುಟದಲ್ಲಿ 'ಮಾಲಿ' ಎಂದು ಬರೆದು ಅವನ ಮಾತು ಬರೆದಳು. ಒಂದು ಕಸುಬಿನ ಕೀಲಿಕೈ ಇನ್ನೊಂದು ಕಸುಬಿನ ಬೀಗಕ್ಕೆ ಹೊಂದುತ್ತದೆ ಎಂಬುದು ಅವಳಿಗೆ ಯಾರೂ ಪಾಠ ಮಾಡದೆ ತಿಳಿದ ಸಂಗತಿ. ಓದಿ ಪದವಿ ಪಡೆದವರು ತಂತಮ್ಮ ಒಂದೇ ಕಿಟಕಿಯಲ್ಲಿ ಕೂತು ಇಡೀ ಬೀದಿಯ ವಿಷಯ ಹೇಳುವಾಗ, ಈ ಹೆಂಗಸು ಕಿಟಕಿಯಿಂದ ಕಿಟಕಿಗೆ ಹೋಗಿ ಇಣುಕಿದಳು. ತೀವ್ರನಿಗಾ ಘಟಕದ ನರ್ಸ್ ಹೇಳಿದಳು: "ಸುಮ್ಸುಮ್ನೆ ಕೂಗೋ ಅಲಾರ್ಮು ಇದೆಯಲ್ಲ, ಅದು ಇಲ್ಲದ್ದಕ್ಕಿಂತ ಕೆಟ್ಟದ್ದು. ನಿಜವಾಗಿ ಕೂಗಿದಾಗ ಯಾರೂ ತಿರುಗಿ ನೋಡಲ್ಲ." ಚೌಕದ ಟ್ರಾಫಿಕ್ ಪೊಲೀಸ್ ಹೇಳಿದ: "ರಸ್ತೆ ಎಷ್ಟೇ ಅಗಲ ಇರ್ಲಿ, ಎಲ್ಲಿ ಕಿರಿದಾಗುತ್ತೋ ಅಲ್ಲಿನ ಲೆಕ್ಕವೇ ಲೆಕ್ಕ. ಅಲ್ಲಿ ಸರಿ ಮಾಡು, ಬೇರೆ ಕಡೆ ಕೈಬೀಸಿ ಏನೂ ಆಗಲ್ಲ." ತಂಗಿ ಹೊಲಿಗೆಯವಳು, ಅವಳ ಮಾತೂ ಒಂದು ಪುಟದಲ್ಲಿತ್ತು: "ಒಳ್ಳೆ ಬಟ್ಟೆಗೆ ಕತ್ತರಿ ಹಾಕೋ ಮುಂಚೆ ಚಿಂದಿ ಮೇಲೆ ಹಾಕಿ ನೋಡು."

ಹದಿನಾಲ್ಕನೇ ಪುಟ ಬಸ್ ಕಂಡಕ್ಟರನದು. ಅವನು ದಿನಾ ಅವಳನ್ನು ಆಸ್ಪತ್ರೆಯ ಬಾಗಿಲಲ್ಲಿ ಇಳಿಸುತ್ತಿದ್ದವನು. "ಎಲ್ಲಿ ಹತ್ತಿದ್ರಿ ಅಂತ ಕೇಳಿ ನೋಡಿ ಅಕ್ಕ, ಎಲ್ರೂ ಹಿಂದಿನ ಸ್ಟಾಪ್ ಅಂತಾರೆ. ಸುಳ್ಳರು ಅಂತಲ್ಲ. ದೂರದ್ದು ಹೇಳಿದ್ರೆ ಜಾಸ್ತಿ ಕೊಡ್ಬೇಕಲ್ಲ. ಜನ ಏನಂದ್ರು ಅನ್ನೋದು ಬಿಡಿ, ಹಾಗಂದ್ರೆ ಅವರಿಗೇನು ಉಳಿಯುತ್ತೆ ನೋಡಿ." ಅವಳು ನಕ್ಕು ಬರೆದುಕೊಂಡಿದ್ದಳು. ಅಕ್ಷರ ದುಂಡಗಿದೆ, ಕೆಳಗೆ ಎರಡು ಗೆರೆ ಎಳೆದಿದೆ. ಇವತ್ತಿಗೂ ಇದೆ.

ಇಪ್ಪತ್ತು ವರ್ಷದಲ್ಲಿ ಅವಳು ಮೇಲ್ವಿಚಾರಕಿಯಾದಳು. ಯಾವ ಮನೆ ಬಾಡಿಗೆಗೆ ಹಿಡಿಯಲಿ, ಮಂಡಿ ಆಪರೇಷನ್ ಮಾಡಿಸಲೋ ಬೇಡವೋ, ಎಲ್ಲಕ್ಕೂ ಹೆಂಗಸರು ಅವಳ ಹತ್ತಿರ ಬರುತ್ತಿದ್ದರು. ಒಬ್ಬಳ ಗಂಡ ಚಹಾ ಗಾಡಿ ಮಾರಿ ಹಳೇ ವ್ಯಾನು ಕೊಳ್ಳುತ್ತೇನೆಂದು ಹಟ ಹಿಡಿದಿದ್ದ. "ಓಡ್ತಿರೋ ವ್ಯಾನು ಎಲ್ಲರ ಕಣ್ಣಿಗೂ ಬೀಳುತ್ತೆ. ಮೆಕ್ಯಾನಿಕ್ ಶೆಡ್ಡಿನ ಹಿಂದೆ ಕೆಟ್ಟು ನಿಂತಿರೋವು ಎಷ್ಟು ಅಂತ ಎಣಿಸ್ಕೊಂಡು ಬರೋಕೆ ಹೇಳು," ಎಂದಳು ಅಕ್ಕ. ಅವನು ಹೋಗಿ, ಎಣಿಸಿ, ಬಂದು, ಒಂದೂ ಮಾತಾಡದೆ ಚಹಾ ಗಾಡಿಗೆ ಬಣ್ಣ ಹೊಡೆಸಿದ. ಕಣ್ಣಿಗೆ ಬೀಳದ್ದನ್ನು ಎಣಿಸಲು ಊರಿಗೆಲ್ಲ ಕಲಿಸಿದವಳು ತನ್ನ ರಿಜಿಸ್ಟರಿನಲ್ಲಿ ಕಣ್ಣಿಗೆ ಬೀಳದ ಪದವನ್ನು ಎಣಿಸಲಿಲ್ಲ.

ಯಾಕೆಂದರೆ ಆ ಪದವನ್ನು ಅಲ್ಲಿಂದ ಅಳಿಸಿದವಳು ಅವಳೇ.

ಹದಿನಾರು ತಿಂಗಳ ಹಿಂದೆ ಒಬ್ಬ ಹುಡುಗಿಯ ಬೆರಳ ತುದಿ ರೋಲರಿಗೆ ತಾಗಿ ಬೊಬ್ಬೆ ಎದ್ದಿತ್ತು. ಆಗೆಲ್ಲ ರಿಜಿಸ್ಟರಿನಲ್ಲಿ ತಿಂಗಳಿಗೆ ಹತ್ತು ಹದಿನೈದು ಸಲ 'ಬೆರಳು' ಎಂದು ಬರುತ್ತಿತ್ತು. ಅಕ್ಕ, ದಣಿದವರ ಕೈ ತಾನೇ ಗಾರ್ಡಿನತ್ತ ಹೋಗುವುದು ಎಂದುಕೊಂಡಳು. ಒಂದು ಹಾಳೆಯಲ್ಲಿ ತಾನೇ ಬರೆದು ಗೋಡೆಗೆ ಅಂಟಿಸಿದಳು: ಬೆರಳು ತಾಗಿದವರು ಒಂದು ವಾರ ರೋಲರು ಮುಟ್ಟಬಾರದು, ಆ ವಾರ ಕೊಳೆಬಟ್ಟೆ ಕೋಣೆಯಲ್ಲಿ ಕೂತು ಕೆಲಸ.

ಅವಳ ಮನಸ್ಸಿನಲ್ಲಿ ಅದು ವಿಶ್ರಾಂತಿ. ನಿಂತು ಮಾಡುವವರಿಗೆ ಕೂತು ಮಾಡುವ ಕೆಲಸ. ಯಾರೋ ಮುಖ ಸಿಂಡರಿಸಿದಾಗ, "ನಾನು ಆರು ವರ್ಷ ಇದ್ದೆ ಅಲ್ಲಿ. ಸತ್ತೋದ್ನಾ?" ಎಂದಿದ್ದಳು. ಅಲ್ಲಿಗೆ ಮಾತು ಮುಗಿದಿತ್ತು.

ಎರಡು ತಿಂಗಳಲ್ಲಿ 'ಬೆರಳು' ಮಾಯವಾಯಿತು. ಆಸ್ಪತ್ರೆಯ ಆಡಳಿತಾಧಿಕಾರಿ ಸಭೆಯಲ್ಲಿ ಅವಳನ್ನು ನಿಲ್ಲಿಸಿ ಚಪ್ಪಾಳೆ ಹೊಡೆಸಿದ, ಚೌಕಟ್ಟು ಹಾಕಿದ ಪ್ರಶಸ್ತಿಪತ್ರ ಕೊಟ್ಟ. ಒಂದು ನಿಯಮ ಬಂದ ಕೂಡಲೇ ಒಂದು ತಪ್ಪು ಪೂರ್ತಿ ಇಲ್ಲವಾದರೆ, ಇಲ್ಲವಾದದ್ದು ತಪ್ಪೋ ತಪ್ಪಿನ ಸುದ್ದಿಯೋ ಎಂದು ಆ ಸಭೆಯಲ್ಲಿ ಒಬ್ಬರೂ ಕೇಳಲಿಲ್ಲ. ಮೇಜಿನ ಮೇಲೆ ಬಿಸ್ಕತ್ತು ಇತ್ತು, ಎಲ್ಲರೂ ತಿಂದರು.

ಆಮೇಲೆ ಹೊಸ ಕಟ್ಟಡ ಎದ್ದಿತು. ಹಾಸಿಗೆ ಹೆಚ್ಚಾದವು, ಚಾದರ ಎರಡು ಪಟ್ಟಾದವು, ರೋಲರು ಮಾತ್ರ ಅವೇ ಎರಡು. ವಾರ್ಡಿನಿಂದ ಫೋನಿನ ಮೇಲೆ ಫೋನು: ರೋಗಿ ಬರಿ ರೆಕ್ಸಿನ್ ಮೇಲೆ ಮಲಗಿದ್ದಾನೆ. ಆಗಲೇ ಅಕ್ಕ ಮೂರು ತಿಂಗಳ ರಿಜಿಸ್ಟರು ತೆಗೆದು ಕೂತದ್ದು. ನಾನೂರ ಹನ್ನೆರಡು ಮಡಿಕೆ. ಒಂದೊಂದು ಸಲ ನಿಂತಾಗಲೂ ಚಾದರ ತೆಗೆದು, ಮತ್ತೆ ಕಾಯಿಸಿ, ಶುರು ಮಾಡಲು ಏಳೆಂಟು ನಿಮಿಷ.

ಮಾಲಿಯ ಪುಟ ಹೇಳಿತು: ಬೇರು ಮಡಿಕೆ. ಪೊಲೀಸನ ಪುಟ ಹೇಳಿತು: ರಸ್ತೆ ಕಿರಿದಾಗಿರುವುದು ಗಾರ್ಡಿನ ಹತ್ತಿರ. ನರ್ಸಿನ ಪುಟ ಹೇಳಿತು: ಇದು ಸುಮ್ಮನೆ ಕೂಗುವ ಅಲಾರ್ಮು. ಗಾರ್ಡನ್ನು ಸ್ವಲ್ಪ ಎತ್ತರಿಸಿದರೆ ಮಡಿಕೆ ನುಸುಳಿಹೋಗುತ್ತದೆ, ರೋಲರು ನಿಲ್ಲುವುದಿಲ್ಲ. ತಂಗಿಯ ಪುಟ ಹೇಳಿತು: ಮೊದಲು ಚಿಂದಿಯ ಮೇಲೆ. ಅವಳು ಒಂದು ವಾರ ಒಂದೇ ರೋಲರಿನ ಗಾರ್ಡು ಎತ್ತಿಸಿ ನೋಡಿದಳು. ಏನೂ ಆಗಲಿಲ್ಲ.

ನಾಲ್ಕು ಬುದ್ಧಿಗಳೂ ಹೌದೆಂದವು. ನಾಲ್ಕೂ ರಿಜಿಸ್ಟರೆಂಬ ಒಂದೇ ತೊಟ್ಟಿಯ ನೀರು ಕುಡಿದಿದ್ದವು ಎಂಬುದು ಅವಳಿಗೆ ಹೊಳೆಯಲಿಲ್ಲ. ತೊಟ್ಟಿಯ ಮುಚ್ಚಳ ತೆಗೆದು ನೋಡುವುದೇ ಮೊದಲ ಪುಟದ ಪಾಠವಾಗಿತ್ತು.

ಒಬ್ಬ ಮಾತ್ರ ಬೇಡವೆಂದ. ಫಿಟ್ಟರು, ವರ್ಷಕ್ಕೆ ಹತ್ತು ಮಾತಾಡಿದರೆ ಹೆಚ್ಚು ಎನ್ನುವಂಥವನು.

"ಅಕ್ಕ, ಗಾರ್ಡು ಸುಮ್ನೆ ಏಳಲ್ಲ. ಏನೋ ತಾಗಿರುತ್ತೆ."

"ತಾಗಿರುತ್ತೆ ಕಣಪ್ಪ. ಮಡಿಕೆ ತಾಗಿರುತ್ತೆ. ನೋಡು ಇಲ್ಲಿ, ನಾನೂರ ಹನ್ನೆರಡು."

"ಬರೆದಿರೋದು ನೋಡಿದ್ರಿ. ನಿಂತಿರೋವಾಗ ನೋಡಿದ್ರಾ?"

"ದಿನಕ್ಕೆ ಎರಡು ಪಾಳಿ, ಎರಡು ರೋಲರು. ನಾನೇನು ಗಾರ್ಡಿನ ಪಕ್ಕ ಹಾಸಿಗೆ ಹಾಕ್ಕೊಂಡು ಮಲಗ್ಲಾ?"

ಸುತ್ತ ಇದ್ದ ಹೆಂಗಸರು ನಕ್ಕರು. ಫಿಟ್ಟರು ಸ್ಪ್ಯಾನರು ಎತ್ತಿಕೊಂಡ. "ಸಹಿ ಹಾಕಿ ಕೊಡಿ, ಮಾಡ್ತೀನಿ," ಎಂದ. ಅವಳು ಸಹಿ ಹಾಕಿದಳು. ಅದರ ಕೆಳಗೆ ಆಡಳಿತಾಧಿಕಾರಿಯೂ ಹಾಕಿದ, ಓದದೆ.

ಇನ್ನೊಂದು ಸಂಜೆಯಿದೆ. ಅವಳಿಗೆ ಈಗಲೂ ಕಣ್ಣು ಮುಚ್ಚಿದರೆ ಬರುವುದು ಅಪಘಾತವಲ್ಲ, ಆ ಸಂಜೆ.

ತಂಗಿ ಅವಳಿಗಿಂತ ಎಂಟು ವರ್ಷ ಚಿಕ್ಕವಳು. ಅಕ್ಕತಂಗಿಯರಿಬ್ಬರೂ ಎರಡು ಕೋಣೆಯ ಒಂದೇ ಮನೆಯಲ್ಲಿದ್ದರು. ತಂಗಿ ಹಗಲು ರೋಲರಿನಲ್ಲಿ, ಸಂಜೆ ಹೊಲಿಗೆಯಲ್ಲಿ. ಅವಳ ಕೈಯ ಕಾಜ ನೋಡಲು ದರ್ಜಿಗಳೇ ಬರುತ್ತಿದ್ದರು. ಗುಂಡಿ ಹಾಕುವ ಆ ಸಣ್ಣ ತೂತಿನ ಸುತ್ತ ಒಂದೊಂದು ಎಳೆ ಅಕ್ಕಿಕಾಳು ಜೋಡಿಸಿದಂತೆ. ಬಸ್ ನಿಲ್ದಾಣದ ಹತ್ತಿರ ಒಂದು ಕೋಣೆ ಹಿಡಿದಿದ್ದಳು. ಆರು ತಿಂಗಳು ಕಳೆದರೆ ಲಾಂಡ್ರಿ ಬಿಟ್ಟು ಅಲ್ಲಿ ಸ್ವಂತ ಅಂಗಡಿ. ಬಾಗಿಲ ಮೇಲಿನ ಹಲಗೆಗೆ ಬಿಳಿ ಬಣ್ಣ ಹೊಡೆದಾಗಿತ್ತು, ಹೆಸರು ಬರೆಸುವುದು ಬಾಕಿ. ಲಾಂಡ್ರಿಯಲ್ಲಿ ಊರೆಲ್ಲ ಅಕ್ಕ ಎನ್ನುವಾಗ ಒಡಹುಟ್ಟಿದವಳು ಮಾತ್ರ ಅವಳನ್ನು ಮೇಡಮ್ಮೋರು ಎನ್ನುತ್ತಿದ್ದಳು, ಬೇಕೆಂದೇ, ಕೆಣಕಲು.

ಅಂದು ತಂಗಿ ವೈದ್ಯರ ಬಿಳಿ ಕೋಟಿಗೆ ಕಾಜ ಹಾಕುತ್ತಿದ್ದಳು. ಅಕ್ಕ ಪಕ್ಕದಲ್ಲಿ ಕೂತು ಗಾರ್ಡು ಎತ್ತರಿಸುವ ವಿಷಯ ಹೇಳುತ್ತಿದ್ದಳು.

"ಮೇಡಮ್ಮೋರೇ, ನಿಮ್ಮ ರಿಜಿಸ್ಟರಲ್ಲಿ ಬೆರಳು ಅಂತ ಕೊನೇ ಸಲ ಬಂದಿದ್ದು ಯಾವಾಗ?"

"ಹದಿನಾಲ್ಕು ತಿಂಗಳಾಯ್ತು," ಎಂದಳು ಅಕ್ಕ. ದನಿಯಲ್ಲಿ ಹೆಮ್ಮೆಯಿತ್ತು.

"ಹಾಗಾದ್ರೆ ಹದಿನಾಲ್ಕು ತಿಂಗಳಿಂದ ಹದಿನೆಂಟು ಹೆಂಗಸರಿಗೆ ಬೆರಳೇ ಇಲ್ಲ."

"ಏನಂದೆ?"

ತಂಗಿ ಸೂಜಿಯಿಂದ ಕಣ್ಣು ತೆಗೆಯಲಿಲ್ಲ. "ಏನಿಲ್ಲ. ಆ ಕತ್ತರಿ ಈ ಕಡೆ ತಳ್ಳು."

ಅಕ್ಕ ಕತ್ತರಿ ತಳ್ಳಿದಳು. ತಂಗಿಯ ಚೇಷ್ಟೆ ಮಾತಿಗೆ ಅರ್ಥ ಹುಡುಕುವ ಅಭ್ಯಾಸ ಅವಳಿಗಿರಲಿಲ್ಲ. ಮಾಲಿಯ ಮಾತು ಬರೆದುಕೊಂಡಳು, ಪೊಲೀಸನ ಮಾತು ಬರೆದುಕೊಂಡಳು. ಮನೆಯೊಳಗಿನ ಮಾತು ಕಿವಿಗೆ ಬಿದ್ದು ನೆಲಕ್ಕೆ ಹೋಯಿತು.

ಎರಡೂ ಗಾರ್ಡು ಎತ್ತರಿಸಿದ ಇಪ್ಪತ್ತಮೂರನೇ ದಿನ, ಬೆಳಿಗ್ಗೆ ಹನ್ನೊಂದು ದಾಟಿತ್ತು. ಅಕ್ಕ ತನ್ನ ಗಾಜಿನ ಕೋಣೆಯಲ್ಲಿ ಹೊಸ ಅಂಕಿ ಬರೆಯುತ್ತಿದ್ದಳು: ರೋಲರು ನಿಲ್ಲುವುದು ಮೂರರಲ್ಲಿ ಒಂದು ಪಾಲಿಗೆ ಇಳಿದಿತ್ತು. ಹೊರಗೆ ತಂಗಿ ಒಂದು ಚಾದರದ ಮಡಿಚಿದ ಮೂಲೆಯನ್ನು ಬಿಡಿಸಲು ಬಲಗೈ ಚಾಚಿದಳು. ಎಲ್ಲರೂ ದಿನಕ್ಕೆ ಹತ್ತು ಸಲ ಹಾಗೇ ಬಿಡಿಸುತ್ತಿದ್ದರು. ಹಿಂದೆಲ್ಲ ಕೈ ಹತ್ತಿರವಾದರೆ ಬೆರಳು ಗಾರ್ಡಿಗೆ ತಾಗುತ್ತಿತ್ತು, ರೋಲರು ನಿಲ್ಲುತ್ತಿತ್ತು, ನಾಲಿಗೆ ಕಚ್ಚಿಕೊಂಡು ಮಡಿಕೆ ಎಂದು ಬರೆಯುತ್ತಿದ್ದರು. ಈ ಸಲ ಬೆರಳು ಗಾರ್ಡಿನ ಕೆಳಗೆ ಹೋಯಿತು, ಗಾರ್ಡು ಏಳಲಿಲ್ಲ. ಜೊತೆಯವಳು ರೋಲರು ನಿಲ್ಲಿಸುವ ಕೆಂಪು ಹಗ್ಗ ಎಳೆಯುವಷ್ಟರಲ್ಲಿ ನಾಲ್ಕು ಎಣಿಸುವಷ್ಟು ಹೊತ್ತು. ತಂಗಿಯ ಬಲಗೈಯ ತೋರುಬೆರಳು, ನಡುಬೆರಳು ಹೋದವು. ಉಂಗುರದ ಬೆರಳು ಉಳಿಯಿತು, ಮಡಿಸಲಾಗದೆ.

ಆ ಮಧ್ಯಾಹ್ನ ಫಿಟ್ಟರು ಯಾರೂ ಹೇಳದೆ ಬಂದು ಎರಡೂ ಗಾರ್ಡು ಇಳಿಸಿದ. ಅಕ್ಕನ ಮುಖ ನೋಡಲಿಲ್ಲ.

ಮೂರು ಜನರ ಸಮಿತಿ ಕೂತಿತು: ಆಡಳಿತಾಧಿಕಾರಿ, ಒಬ್ಬ ಎಂಜಿನಿಯರ್, ಒಬ್ಬ ವೈದ್ಯ. ಹತ್ತನೇ ದಿನ ಕರಡು ವರದಿ ಅಕ್ಕನ ಮೇಜಿಗೆ ಬಂತು, ಸಹಿಗೆ. ಒಂದೇ ಪುಟ. ಕಾರಣ: ಕೆಲಸಗಾರ್ತಿಯ ಅಜಾಗರೂಕತೆ. ಆಧಾರ: ಲಾಂಡ್ರಿಯ ರಿಜಿಸ್ಟರಿನ ಪ್ರಕಾರ ಕಳೆದ ಹದಿನೈದು ತಿಂಗಳಲ್ಲಿ ಬೇರೆ ಯಾರ ಬೆರಳೂ ತಾಗಿಲ್ಲ. ಹದಿನೆಂಟು ಜನರಲ್ಲಿ ಒಬ್ಬಳಿಗೆ ಮಾತ್ರ ಆದರೆ ತಪ್ಪು ಅವಳದೇ ತಾನೆ? ಅಜಾಗರೂಕತೆ ಎಂದು ದಾಖಲಾದರೆ ಕೆಲಸ ಹೋಗುತ್ತದೆ, ಕೂತು ಮಾಡುವ ಬೇರೆ ಕೆಲಸವನ್ನೂ ಕೊಡುವುದಿಲ್ಲ. ಸೂಜಿ ಹಿಡಿಯಲಾಗದ ಕೈ, ಕೆಲಸವಿಲ್ಲದ ಕೈ.

ಅಕ್ಕ ವರದಿ ಚೀಲದಲ್ಲಿಟ್ಟುಕೊಂಡು ವಾರ್ಡಿಗೆ ಹೋದಳು. ತಂಗಿ ಗೋಡೆಗೆ ಒರಗಿ ಕೂತಿದ್ದಳು, ಬಲಗೈಗೆ ದಿಂಬಿನಷ್ಟು ಬ್ಯಾಂಡೇಜು. ಓದಿ ಹೇಳಿದ್ದನ್ನು ಕೇಳಿ ತಂಗಿ ನಕ್ಕಳು. ನಗು ಎಂದರೆ ಮೂಗಿನಿಂದ ಒಂದು ಗಾಳಿ.

"ನಿನ್ನ ರಿಜಿಸ್ಟರು ಚೆನ್ನಾಗೇ ಕೆಲಸ ಮಾಡಿದೆ."

"ನಿಜ ಹೇಳು. ಬೇರೆಯವರಿಗೂ ತಾಗ್ತಿತ್ತಾ?"

"ಎಲ್ರಿಗೂ ತಾಗ್ತಿತ್ತು. ಅದಕ್ಕೇ ಅಲ್ವಾ ಗಾರ್ಡು ಇರೋದು. ನಾನೇ ಹತ್ತೊಂಬತ್ತು ಸಲ ಮಡಿಕೆ ಅಂತ ಬರೆದಿದೀನಿ."

"ನನ್ನ ಹತ್ರ ಒಂದು ಮಾತು ಹೇಳೋಕೆ ಆಗ್ಲಿಲ್ವೇನೇ? ಒಂದೇ ಮನೇಲಿ ಇದೀವಿ."

"ಹೇಳಿದ್ರೆ ಹದಿನೇಳು ಜನ ನನ್ನ ಜೊತೆ ಮಾತು ಬಿಡ್ತಿದ್ರು. ಕೊಳೆ ಕೋಣೆ ಔಷಧಿ ನೀರಲ್ಲಿ ಒಂದು ವಾರ ಕೈ ಅದ್ದಿದ್ರೆ ಬೆರಳು ಬಿರುಕು ಬಿಡುತ್ತೆ, ರೇಷ್ಮೆ ದಾರ ಸಿಕ್ಕಿಕೊಳ್ಳುತ್ತೆ, ಕಾಜ ಹಾಳು. ನೀನಾದ್ರೆ ಹೇಗಿದ್ರೂ ಅಕ್ಕ, ಬಿಟ್ಟು ಹೋಗಲ್ಲ. ನಿನಗೆ ಸುಳ್ಳು ಹೇಳೋದೇ ಎಲ್ಲಕ್ಕಿಂತ ಸುಲಭ ಇತ್ತು."

ಅಕ್ಕ ಎದ್ದು ಬಂದಳು. ಬಸ್ಸಿನಲ್ಲಿ ನೋಟುಬುಕ್ಕು ತೆಗೆದಳು. ಹದಿನಾಲ್ಕನೇ ಪುಟ ಹುಡುಕಬೇಕಾಗಿರಲಿಲ್ಲ, ಎಲ್ಲಿದೆ ಎಂದು ಗೊತ್ತಿತ್ತು. ಹಾಗಂದರೆ ಅವರಿಗೇನು ಉಳಿಯುತ್ತೆ ನೋಡಿ. ಎರಡು ಗೆರೆ. ಈ ಮಾತನ್ನು ಅವಳು ಬೀಡಿ ಬಿಟ್ಟೆ ಎನ್ನುವ ಗಂಡಂದಿರ ಮೇಲೆ, ಸಾಬೂನು ಮಾರುವವರ ಮೇಲೆ, ಮನೆ ಬ್ರೋಕರುಗಳ ಮೇಲೆ ನೂರು ಸಲ ಪ್ರಯೋಗಿಸಿದ್ದಳು. ಎಲ್ಲಿ ಹತ್ತಿದ್ರಿ ಎಂದು ಕೇಳುವ ಕಂಡಕ್ಟರನ ಜಾಗದಲ್ಲಿ ತಾನೇ ನಿಂತಿರಬಹುದು ಎಂದು ಒಂದು ಸಲವೂ ಅನಿಸಿರಲಿಲ್ಲ. ಬುದ್ಧಿ ಹತ್ತಿದ್ದವು. ಹತ್ತೂ ಹೊರಗೆ ಮುಖ ಮಾಡಿದ್ದವು.

ಮರುದಿನ ಬೆಳಿಗ್ಗೆ ಹೆಂಗಸರನ್ನೆಲ್ಲ ಸೇರಿಸಿದಳು. ರಿಜಿಸ್ಟರು ಎದುರಿಗಿಟ್ಟಳು.

"ಇದರಲ್ಲಿ ಬೆರಳು ಎಷ್ಟು, ಮಡಿಕೆ ಎಷ್ಟು? ಯಾರಿಗೂ ಏನೂ ಮಾಡಲ್ಲ. ನಿಜ ಹೇಳಿ."

"ಮಡಿಕೆ ಅಕ್ಕ."

"ಮಡಿಕೆನೇ ಅಕ್ಕ, ಇನ್ನೇನು."

"ನಮ್ದು ಎಲ್ಲಾ ಮಡಿಕೆನೇ."

ಬೇಡಿಕೊಂಡಳು. ತಂಗಿಯ ಜೊತೆ ಎಂಟು ವರ್ಷ ಒಂದೇ ಚಾದರದ ಎರಡು ತುದಿ ಹಿಡಿದವಳು ಕೂಡ, ಕಣ್ಣಲ್ಲಿ ನೀರು ತುಂಬಿಕೊಂಡು, ಮಡಿಕೆ ಎಂದಳು. ಎಲ್ಲರಿಗಿಂತ ಹಿರಿಯಳಾದ, ಎಲ್ಲರೂ ದೊಡ್ಡಮ್ಮ ಎನ್ನುವ ಹೆಂಗಸು ಕೊನೆಗೆ ಗೋಡೆಯ ಕಡೆ ಗಲ್ಲ ತೋರಿಸಿದಳು.

"ನಿನ್ನ ಚೀಟಿ ಇನ್ನೂ ಅಲ್ಲೇ ಇದೆಯಲ್ಲಮ್ಮ."

ಅಕ್ಕ ಹೋಗಿ ಅದನ್ನು ಕಿತ್ತು ಹರಿದಳು.

"ಹರಿದಿದ್ದನ್ನ ಮತ್ತೆ ಅಂಟಿಸೋಕೆ ಎಷ್ಟು ಹೊತ್ತು ಬೇಕು?" ಎಂದಳು ದೊಡ್ಡಮ್ಮ. ಜಗಳದ ದನಿಯಲ್ಲಲ್ಲ, ನಿಜವಾಗಿಯೂ ಕೇಳುವಂತೆ.

ಅಕ್ಕ ರಿಜಿಸ್ಟರು ತೆರೆದು ಹೊಸ ಸಾಲಿನಲ್ಲಿ ಅಪಘಾತದ ದಿನ, ಹೊತ್ತು ಬರೆದಳು. ಹೆಸರಿನ ಕಡೆ ತನ್ನ ಹೆಸರು. ಕಾರಣದ ಕಡೆ: ಬೆರಳು. ಎಲ್ಲರಿಗೂ ಕಾಣುವಂತೆ ರಿಜಿಸ್ಟರನ್ನು ತೆರೆದೇ ಇಟ್ಟು, ಗಾಜಿನ ಕೋಣೆಯ ಕೀಲಿಕೈ ಅದರ ಮೇಲಿಟ್ಟು, ಕೊಳೆಬಟ್ಟೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಂದು ವಾರ.

ಆ ಕೋಣೆ ಅವಳು ಬಿಟ್ಟುಬಂದ ಕೋಣೆಯಾಗಿರಲಿಲ್ಲ. ಅವಳ ಕಾಲದಲ್ಲಿ ನಾಲ್ಕು ಜನ ಇದ್ದರು, ಒಂದು ಕಿಟಕಿ ಇತ್ತು, ಹಾಡು ಹೇಳಿಕೊಳ್ಳುತ್ತಿದ್ದರು. ಈಗ ಸೋಂಕು ಹರಡಬಾರದೆಂದು ಕಿಟಕಿ ಮುಚ್ಚಿದ್ದರು, ಒಬ್ಬರೇ ಇರಬೇಕು. ಹೊಸ ಕಟ್ಟಡದ ಮೂಟೆಗಳಲ್ಲಿ ಬಟ್ಟೆಯ ನಡುವೆ ಸೂಜಿಗಳು ಬರುತ್ತಿದ್ದವು. ಎರಡನೇ ದಿನವೇ ಒಂದು ಅವಳ ಕೈಗವಸನ್ನು ಸೀಳಿತು. ಚರ್ಮಕ್ಕೆ ತಾಗಲಿಲ್ಲ. ಅವಳು ಸ್ಟೂಲಿನ ಮೇಲೆ ಕೂತು ಬಹಳ ಹೊತ್ತು ಆ ಸೀಳು ನೋಡಿದಳು. ಇಲ್ಲಿಗೆ ಅವಳು ಹೆಂಗಸರನ್ನು ವಿಶ್ರಾಂತಿಗೆ ಕಳಿಸುತ್ತಿದ್ದಳು. ಸತ್ತೋದ್ನಾ ಎಂದು ಕೇಳುತ್ತಿದ್ದಳು.

ಮೂರನೇ ದಿನ ಮಧ್ಯಾಹ್ನ ದೊಡ್ಡಮ್ಮ ಬಾಗಿಲು ತಳ್ಳಿಕೊಂಡು ಬಂದಳು. ಕೂರಲಿಲ್ಲ.

"ನನ್ನದು ಒಂದು ಮೂವತ್ತು ಇರ್ಬೇಕು. ನೆನಪಿಗೆ ಬಂದಷ್ಟು ಹೇಳ್ತಿದೀನಿ."

"ಮೂವತ್ತಾ?"

"ವಯಸ್ಸಾಯ್ತಲ್ಲ, ಕಣ್ಣು ಮಂಜು. ಗಾರ್ಡು ಇಲ್ದಿದ್ರೆ ಈ ಕೈಗೆ ಇಷ್ಟೊತ್ತಿಗೆ ಮೊಣಕೈನೇ ತುದಿ."

ಆಮೇಲೆ ಒಬ್ಬೊಬ್ಬರೇ ಬಂದರು. ಹನ್ನೊಂದು. ಇಪ್ಪತ್ತು. ಲೆಕ್ಕ ಇಟ್ಟಿಲ್ಲಕ್ಕ, ವಾರಕ್ಕೆರಡು ಅಂತ ಹಾಕ್ಕೊಳ್ಳಿ. ತಂಗಿಯ ಜೊತೆಯವಳು ಬಂದು ಸಂಖ್ಯೆ ಹೇಳದೆ ಅತ್ತು ಹೋದಳು. ಅಕ್ಕ ಒಂದು ದಿಂಬಿನ ಕವರಿನ ಮೇಲೆ ಗೆರೆ ಹಾಕುತ್ತಾ ಹೋದಳು. ಇನ್ನೂರು ದಾಟಿದ ಮೇಲೆ ಗೆರೆ ಹಾಕುವ ಕೈ ನಿಂತಿತು. ಅರ್ಧಕ್ಕರ್ಧ ಮಡಿಕೆ ಬೆರಳಾಗಿತ್ತು. ಸುಮ್ಮನೆ ಕೂಗುವ ಅಲಾರ್ಮು ಎಂದು ಅವಳು ಬಾಯಿ ಕಟ್ಟಿದ್ದು ಇನ್ನೂರು ಸಲ ನಿಜವಾಗಿ ಕೂಗಿದ ಗಾರ್ಡಿಗೆ.

ವಾರ ಮುಗಿದ ಮೇಲೆ ಅವಳು ಸಮಿತಿಯ ಮುಂದೆ ನಿಂತಳು. ಕೈಯಲ್ಲಿ ಸಹಿ ಹಾಕದ ಕರಡು, ರಿಜಿಸ್ಟರು, ದಿಂಬಿನ ಕವರು, ಹದಿನೇಳು ಹೆಂಗಸರು ಸಹಿ ಹಾಕಿದ ಒಂದು ಹಾಳೆ.

"ಏನಮ್ಮ ಇದು, ನಿಮ್ಮ ಮೇಲೆ ನೀವೇ ದೂರು ಬರ್ಕೊಂಡು ಬಂದಿದೀರಲ್ಲ?" ಎಂದ ಆಡಳಿತಾಧಿಕಾರಿ.

"ಹೌದು ಸಾರ್. ನಿಜ ಬರೆದ್ರೆ ಶಿಕ್ಷೆ ಅಂತ ಗೋಡೆಗೆ ಅಂಟಿಸಿದೋಳು ನಾನು. ಆಮೇಲೆ ಅವರು ಬರೆದಿದ್ದನ್ನೇ ನಿಜ ಅಂತ ನಂಬಿ ಗಾರ್ಡು ಎತ್ತಿಸಿದೋಳೂ ನಾನೇ."

ಎಂಜಿನಿಯರ್ ಕಡತ ತಿರುವಿದ. "ಗಾರ್ಡ್ ಎತ್ತೋದಕ್ಕೆ ಸಹಿ ಯಾರದು?"

"ಮೇಲಿಂದು ನನ್ನದು. ಕೆಳಗಿಂದು ಸಾಹೇಬ್ರದು."

ವೈದ್ಯರು ದಿಂಬಿನ ಕವರು ಬಿಡಿಸಿ ಗೆರೆಗಳನ್ನು ನೋಡಿದರು, ಮಡಚಿ ಮೆಲ್ಲಗೆ ವಾಪಸು ಇಟ್ಟರು.

ಕೊನೆಯ ವರದಿಯಲ್ಲಿ ಅಜಾಗರೂಕತೆ ಹೋಯಿತು. ಅದರ ಜಾಗದಲ್ಲಿ 'ವ್ಯವಸ್ಥೆಯ ಲೋಪ' ಎಂದು ಬಂತು. ವ್ಯವಸ್ಥೆ ಎಂಬುದಕ್ಕೆ ಮುಖವಿಲ್ಲ, ಸಹಿಯಿಲ್ಲ, ಹೋದ ಬೆರಳನ್ನು ಎದುರಿಗೆ ಕೂತು ನೋಡಬೇಕಾದ ಕರ್ಮವಿಲ್ಲ. ಕೆಳಗಿನ ಸಹಿಯವನು ಮುಂದಿನ ವರ್ಷ ಬಡ್ತಿ ಪಡೆದು ಬೇರೆ ಆಸ್ಪತ್ರೆಗೆ ಹೋದ. ಮೇಲಿನ ಸಹಿಯವಳನ್ನು ಮೇಲ್ವಿಚಾರಕಿಯ ಕೆಲಸದಿಂದ ಇಳಿಸಿ ತೊಳೆದ ಬಟ್ಟೆ ಜೋಡಿಸಲು ಹಾಕಿದರು. ಅವಳು ಅದರ ಬಗ್ಗೆ ಒಂದು ದಿನವೂ ಗೊಣಗಲಿಲ್ಲ. ತಂಗಿಯ ಕೆಲಸ ಉಳಿಯಿತು. ಉಗ್ರಾಣದ ಕಿಂಡಿಯಲ್ಲಿ ಕೂತು ವಾರ್ಡಿನವರಿಗೆ ಚೀಟಿ ಕೊಡುವ ಕೆಲಸ. ಎಡಗೈಯಲ್ಲಿ ಬರೆಯಲು ಕಲಿತಳು, ಅಕ್ಷರ ಒಂದನೇ ಇಯತ್ತೆಯವರಂತೆ ಬೀಳುತ್ತದೆ.

ಬಸ್ ನಿಲ್ದಾಣದ ಹತ್ತಿರದ ಕೋಣೆ ಬಿಟ್ಟುಕೊಟ್ಟರು. ಬಿಳಿ ಬಣ್ಣ ಹೊಡೆದ ಹಲಗೆಯನ್ನು ಅಕ್ಕನೇ ಹೊತ್ತು ತಂದು ಮಂಚದ ಕೆಳಗೆ ಇಟ್ಟಿದ್ದಾಳೆ. ಅದರ ಮೇಲೆ ಏನೂ ಬರೆದಿಲ್ಲ. ಗುಡಿಸುವಾಗ ಹೊರಗೆಳೆದು, ಗುಡಿಸಿ, ಮತ್ತೆ ತಳ್ಳುತ್ತಾಳೆ.

ಹೆಂಗಸರು ಈಗಲೂ ಭಾನುವಾರ ಬೆಳಿಗ್ಗೆ ಅವಳ ಮನೆಗೆ ಬರುತ್ತಾರೆ, ಮಾಡಲೋ ಬೇಡವೋ ಎಂದು ಕೇಳಲು. ಅಪಘಾತ ಕಳೆದು ಎರಡು ವರ್ಷವಾದ ಮೇಲಿನ ಒಂದು ಭಾನುವಾರ ಹೊಸದಾಗಿ ಸೇರಿದ ಹೆಂಗಸೊಬ್ಬಳು ಬಂದಳು. ರಾತ್ರಿ ಪಾಳಿ ಒಪ್ಪಿಕೊಳ್ಳಲೋ ಬೇಡವೋ ಎಂದು ಅವಳ ಪ್ರಶ್ನೆ. ಅಕ್ಕ ನೋಟುಬುಕ್ಕು ತೆಗೆಯಲಿಲ್ಲ.

"ನನ್ನ ಹತ್ರ ಹೇಳೋಕೆ ನಿನಗೆ ಭಯ ಆಗೋ ಅಂಥದ್ದು ಇದರಲ್ಲಿ ಏನಾದ್ರೂ ಇದೆಯಾ?" ಎಂದು ಕೇಳಿದಳು.

"ಏನೂ ಇಲ್ಲಕ್ಕ," ಎಂದಳು ಹೆಂಗಸು, ತಕ್ಷಣ.

ಒಳಗಿನ ಕೋಣೆಯಿಂದ ತಂಗಿಯ ದನಿ ಬಂತು. "ಇದ್ರೆ ಹೇಳ್ತಾಳಾ ಮೇಡಮ್ಮೋರೇ?"

ಅಕ್ಕ ಎದ್ದು ಒಲೆ ಹಚ್ಚಿದಳು. ಇದಕ್ಕೆ ಯಾವ ಪುಟದಲ್ಲೂ ಉತ್ತರವಿಲ್ಲ ಎಂಬುದು ಅವಳಿಗೆ ಗೊತ್ತು. ಹೆಂಗಸಿಗೆ ಚಹಾ ಕೊಟ್ಟಳು, ಮಗುವಿನ ವಿಷಯ ಕೇಳಿದಳು, ಮನೆ ಎಲ್ಲಿ, ಯಾರಿದ್ದಾರೆ ಎಂದು ಕೇಳಿದಳು, ಆಮೇಲೆ ಬರೀ ಕಾದಳು. ಮುಕ್ಕಾಲು ಗಂಟೆಯಾದ ಮೇಲೆ ಹೆಂಗಸು ಲೋಟ ಕೆಳಗಿಟ್ಟು, ರಾತ್ರಿ ಪಾಳಿಯ ಹೊಸ ಮೇಲ್ವಿಚಾರಕನ ವಿಷಯ ಶುರುಮಾಡಿದಳು.

ಅವಳು ಹೋದಾಗ ಹನ್ನೊಂದು ಗಂಟೆ. ತಂಗಿ ಹೊರಗೆ ಹೊರಟಿದ್ದಳು, ಕನ್ನಡಿಯ ಮುಂದೆ ನಿಂತು ಕುಪ್ಪಸದ ಗುಂಡಿ ಹಾಕಿಕೊಳ್ಳುತ್ತಿದ್ದಳು. ಎಡಗೈಯಿಂದ ಗುಂಡಿ ತಳ್ಳಬೇಕು, ಬಲಗೈಯ ಹೆಬ್ಬೆರಳಿನಿಂದ ಬಟ್ಟೆ ಎಳೆಯಬೇಕು. ಕಾಜಗಳೆಲ್ಲ ಅವಳೇ ಹಿಂದೆ ಹಾಕಿದ್ದು, ಒಂದೊಂದು ಎಳೆಯೂ ಬಿಗಿ, ಗುಂಡಿ ಸುಲಭಕ್ಕೆ ಹೋಗುವುದಿಲ್ಲ. ಅಕ್ಕ ಬಾಗಿಲಲ್ಲಿ ನಿಂತಿದ್ದಳು, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು. ಕೇಳದೆ ಕೈ ಹಾಕಿದ್ದಕ್ಕೆ ಮೊದಲ ತಿಂಗಳೇ ಬೈಸಿಕೊಂಡಿದ್ದಳು. ಮೂರು ಗುಂಡಿ ಆಯಿತು. ನಾಲ್ಕನೆಯದು ಎರಡು ಸಲ ಜಾರಿತು. ತಂಗಿ ಕೈ ಬಿಟ್ಟು, ಉಸಿರು ಬಿಟ್ಟು, ಕತ್ತು ಮೇಲೆತ್ತಿದಳು.

"ಇದೊಂದು ಹಾಕು," ಎಂದಳು.

ಅಕ್ಕ ಬಂದು ಹಾಕಿದಳು. ಅವಳಿಗೂ ಎರಡು ಸಲ ಜಾರಿತು.